ಈ ವಾರದ ಸಮಸ್ಯೆ: ಬತ್ತಲೆಯೆ ಬಟ್ಟೆಯಾಗಿತ್ತು

ಧಾರವಾಡದ ಮಾಸ್ತರ:
ಎಲ್ಲರಿಗೂ ನಮಸ್ಕಾರ. ಮೇಲೆ ಕೊಟ್ಟಿದ್ದು ಪದ್ಯದ ಕೊನೆಯ ಸಾಲು, ಅದರ ಮುಂಚಿನ ಮೂರು ಸಾಲು ಬರೆದು ನೀವು ಪೂರಣ ಮಾಡಬೇಕು. ಈ ಸಲ 'ಬತ್ತಲೆ' ಎನ್ನುವ ಮಾತನ್ನೇ ಹಿಡಿದಿದ್ದೇನೆ. ಕಾಲಿಗೆ ಬರಿಗಾಲು ಅಂತೀವಿ, ಕಣ್ಣಿಗೆ ಬರಿಗಣ್ಣು, ಗುಡ್ಡಕ್ಕೆ ಬೋಳುಗುಡ್ಡ. ಮೈಯ ಮಾತು ಬಂದಾಗ ಮಾತ್ರ ಬತ್ತಲೆ, ಅದರ ಬೆನ್ನಿಗೇ ನಾಚಿಕೆ. ಆ ನಾಚಿಕೆ ಬಿಟ್ಟು ಬೇರೆ ಅರ್ಥ ತನ್ನಿ. ಒಂದು, ಮೂರನೇ ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ (ಮಾತ್ರೆ ಅಂದರೆ ಉಚ್ಚಾರದ ಅಳತೆ, ಗಣ ಅಂದರೆ ಮಾತ್ರೆಗಳ ಗುಂಪು). ಎರಡು, ನಾಲ್ಕನೇ ಸಾಲಿಗೆ 5+5+3 ಮಾತ್ರೆ. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದ ಪ್ರಾಸ, 'ತ್ತ', ತಪ್ಪಿಸಬೇಡಿ.

ಗದಗದವರು:
ದಿಗಂಬರ ಅಂದರೆ ದಿಕ್ಕನ್ನೇ ಉಟ್ಟವನು ಅಲ್ವಾ ಸರ್? ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರ ಸುಮಾರಿಗೆ ಕಟ್ಟಿಸಿದ ಬ್ರಹ್ಮ ಜಿನಾಲಯಕ್ಕೆ ಹೋದಾಗಲೆಲ್ಲ ಈ ಮಾತು ಮನಸ್ಸಿಗೆ ಬರುತ್ತದೆ.

ಸುತ್ತಲಿನ ದೆಸೆಯೆಂಟನುಟ್ಟುಕೊಂಡವಗೇನು
ಹತ್ತಿಯೇ, ರೇಷ್ಮೆಯೇ ಬೇಕು?
ಎತ್ತಿ ಕೈ ಮುಗಿದಾಗ ತಿಳಿದೆನಾ ಜಿನನಿಗೀ
ಬತ್ತಲೆಯೆ ಬಟ್ಟೆಯಾಗಿತ್ತು

ನವಲಗುಂದದ ರೈತ:
ನಾನು ಹೊಲದವನು, ಹೊಲದ್ದೇ ಬರೆದೆ. ಹತ್ತಿ ಬಿಡಿಸಿ ಮುಗಿದ ಮೇಲೆ ಬರೀ ಕಡ್ಡಿ ನಿಂತಿರುತ್ತವೆ. ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ.

ಹತ್ತಿ ಹೊಲ ಬರಿದಾಗಿ ನಿಂತಿತ್ತು ಮಾಗಿಯಲಿ
ಕೊಟ್ಟು ಬಿಳಿ ಸಂಪತ್ತನೆಲ್ಲ
ಉತ್ತವನ ಮಕ್ಕಳಿಗೆ ಊರವರಿಗಾ ಹೊಲದ
ಬತ್ತಲೆಯೆ ಬಟ್ಟೆಯಾಗಿತ್ತು

ಧಾರವಾಡದ ಮಾಸ್ತರ:
ಎಂಥ ಪೂರಣ ರೀ ಇದು! ಗರಗದ ಖಾದಿ, ಹುಬ್ಬಳ್ಳಿ ಬೆಂಗೇರಿಯ ರಾಷ್ಟ್ರಧ್ವಜ ಎಲ್ಲಾ ಕಣ್ಣ ಮುಂದೆ ಬಂತು. ಎರಡನೇ ಸಾಲಿನಲ್ಲಿ ಪ್ರಾಸ ಮಾತ್ರ ತಪ್ಪಿದೆ. 'ಕೊಟ್ಟು' ತೆಗೆದು 'ಇತ್ತು' ಹಾಕಿ. ಅರ್ಥ ಅದೇ, ಮಾತ್ರೆಯೂ ಅಷ್ಟೇ.

ನವಲಗುಂದದ ರೈತ:
ಹಾಕಿದೆ ಸರ್. ಬಾಯಿಗೆ 'ಕೊಟ್ಟು' ಅನ್ನೋದೇ ಬರುತ್ತದೆ, ಆದರೆ ಪ್ರಾಸ ಕೂಡಿದಾಗ ಪದ್ಯ ಗಟ್ಟಿ ನಿಂತಿತು.

ಹಾವೇರಿಯ ಅಕ್ಕೋರು:
ನನ್ನದು ಅಕ್ಕಮಹಾದೇವಿಯ ಮೇಲೆ. ಇಲ್ಲಿ 'ಬಟ್ಟೆ'ಯನ್ನು ಬೇರೆ ಅರ್ಥದಲ್ಲಿ ಓದಿ.

ಎತ್ತ ಹೋಗಲಿ ಎಂದು ಕೇಳದೆಯೆ ನಡೆದವಳು
ಮುತ್ತು ಮಣಿ ಅರಮನೆಯ ಬಿಟ್ಟು
ಕತ್ತಲೆಯ ಕಾಡಿನಲಿ ಚೆನ್ನನೆಡೆಗಕ್ಕನಿಗೆ
ಬತ್ತಲೆಯೆ ಬಟ್ಟೆಯಾಗಿತ್ತು

ಗದಗದವರು:
ಅಕ್ಕೋರೇ, ಬೇರೆ ಅರ್ಥ ಅಂದ್ರೆ ಯಾವುದು?

ಹಾವೇರಿಯ ಅಕ್ಕೋರು:
ದಾರಿ. ಹಳೆಯ ಕನ್ನಡದಲ್ಲಿ ಬಟ್ಟೆ ಅಂದರೆ ದಾರಿ, ಹೆಬ್ಬಟ್ಟೆ ಅಂದರೆ ಹೆದ್ದಾರಿ. ಅಕ್ಕನ ಮೈ ಮುಚ್ಚಿದ್ದು ಕೂದಲು ಅಂತ ಮಕ್ಕಳಿಗೆ ಎಷ್ಟೋ ವರ್ಷ ಹೇಳಿಕೊಟ್ಟೆ. ಸರ್ ಕೊಟ್ಟ ಸಾಲು ಓದಿದಾಗಲೇ ಅವಳು ನಡೆದ ದಾರಿ ಕಂಡಿದ್ದು.