ಚಳಿ ತಡೆಯುವ ಭತ್ತಕ್ಕೆ ಟಿಶ್ಯೂ ಕಲ್ಚರ್ ಸಸಿ ಸಿಗುತ್ತದಾ?

ಪ್ರಶ್ನೆ (ರೈತರು, ಖಾನಾಪುರ ತಾಲೂಕು):
ನಮಸ್ಕಾರ ಮೇಡಂ. ಬಾವಿ ನೀರಿದೆ ಅಂತ ಬೇಸಿಗೆ ಭತ್ತ ಹಾಕುತ್ತೇನೆ. ಡಿಸೆಂಬರ್ ಕೊನೆಗೆ ಸಸಿಮಡಿ ಮಾಡಿದರೆ ಚಳಿಗೆ ಸಸಿ ಹಳದಿಯಾಗಿ, ಬೆಳೆಯದೆ ಹಾಗೇ ನಿಂತುಬಿಡುತ್ತದೆ. ನನ್ನ ತಮ್ಮ ಬಾಳೆಗೆ ಲ್ಯಾಬಿನಲ್ಲಿ ಗಿಡದ ತುಣುಕಿನಿಂದ ಬೆಳೆಸಿದ ಟಿಶ್ಯೂ ಕಲ್ಚರ್ ಸಸಿ ತಂದಿದ್ದಾನೆ, ಚೆನ್ನಾಗಿ ಬಂದಿದೆ. ಭತ್ತಕ್ಕೂ ಅಂಥ ಚಳಿ ತಡೆಯುವ ಸಸಿ ಸಿಗುತ್ತದಾ?

ಉತ್ತರ (ತಳಿ ವಿಜ್ಞಾನಿ):
ನಮಸ್ಕಾರ್ರೀ. ಸಿಗುವುದಿಲ್ಲ. ಯಾರಾದರೂ ಮಾರಲು ಬಂದರೆ ದಯವಿಟ್ಟು ದುಡ್ಡು ಕೊಡಬೇಡಿ. ಬಾಳೆಗೆ ಎಕರೆಗೆ 1,200ರ ಆಸುಪಾಸು ಸಸಿ ಸಾಕು. ಭತ್ತವನ್ನು 20 ಬೈ 10 ಸೆಂ.ಮೀ. ಅಂತರದಲ್ಲಿ ನೆಟ್ಟರೆ ಎಕರೆಗೆ 2 ಲಕ್ಷ ಗುಣಿ ಆಗುತ್ತವೆ. ಅಷ್ಟು ಸಸಿ ಲ್ಯಾಬಿನಿಂದ ತಂದು ಪೂರೈಸುತ್ತದಾ?

ಕೆಲಸವೂ ಬೇರೆ. ಬಾಳೆಯಲ್ಲಿ ಒಳ್ಳೆ ತಾಯಿಗಿಡದಂಥವೇ ಸಾವಿರಾರು ಸಸಿ ಮಾಡುತ್ತೇವೆ. ಭತ್ತದಲ್ಲಿ ಹೊಸ ಗುಣ ಹುಡುಕುತ್ತೇವೆ. ಹೊಟ್ಟು ತೆಗೆದ ಕಾಳನ್ನು ಕ್ರಿಮಿ ಇಲ್ಲದಂತೆ ತೊಳೆದು, 2,4-ಡಿ ಬೆರೆಸಿದ, ಜೆಲ್ಲಿಯಂಥ ಅಗರ್ ಮೇಲೆ ಕತ್ತಲಲ್ಲಿ ಇಡುತ್ತೇವೆ. ನೀವು ಕಳೆಗೆ ಹೊಡೆಯುವ ಅದೇ 2,4-ಡಿ, ಲೀಟರಿಗೆ ಸುಮಾರು 2 ಮಿಲಿಗ್ರಾಂ ಅಷ್ಟೇ. ಮೂರ್ನಾಲ್ಕು ವಾರದಲ್ಲಿ ಮೊಳಕೆ ಬರುವ ಜಾಗದಲ್ಲಿ ತಿಳಿ ಹಳದಿ ಬಣ್ಣದ, ಹರಳು ಹರಳಾದ ಗಂಟು ಬೆಳೆಯುತ್ತದೆ. ಅದೇ ಕ್ಯಾಲಸ್. ಅದನ್ನು ತಂಪಿನಲ್ಲಿಟ್ಟು, ಸಾಯದೆ ಉಳಿದ ತುಣುಕಿನಿಂದ ಗಿಡ ಎಬ್ಬಿಸುತ್ತಾರೆ. ಆದರೆ ತುಣುಕು ಚಳಿ ತಡೆಯಿತು ಅಂದ ಮಾತ್ರಕ್ಕೆ ಗಿಡವೂ ತಡೆಯಬೇಕೆಂದಿಲ್ಲ. ಎಷ್ಟೋ ಸಲ ಆ ಗುಣ ಬೀಜಕ್ಕೆ ಇಳಿಯುವುದೇ ಇಲ್ಲ. ಹೊಲದಲ್ಲಿ ಎರಡು ಮೂರು ತಲೆಮಾರು ನೋಡಿದ ಮೇಲೇ ನಂಬಬೇಕು.

ನನಗೆ ಜಾಸ್ತಿ ಭರವಸೆ ಇರುವುದು ಪರಾಗಕೋಶದ (ಹೂವಿನಲ್ಲಿ ಪರಾಗ ತುಂಬಿರುವ ಚೀಲದ) ಕಲ್ಚರ್ ಮೇಲೆ. 1968ರಲ್ಲಿ ಜಪಾನಿನವರು ಭತ್ತದಲ್ಲಿ ಇದನ್ನು ಸಾಧಿಸಿದರು. ಚಳಿ ತಡೆಯುವ ತಳಿಯನ್ನು ನಮ್ಮ ತಳಿಯ ಜೊತೆ ಕ್ರಾಸ್ ಮಾಡಿ, ಆ ಗಿಡದ ಪರಾಗಕೋಶದಿಂದ ಗಿಡ ಎಬ್ಬಿಸಿ, ಅದರಲ್ಲಿ ಅರ್ಧದಷ್ಟೇ ಇರುವ ವರ್ಣತಂತು (ಗುಣಗಳನ್ನು ಹೊತ್ತ ಎಳೆ) ದುಪ್ಪಟ್ಟಾದರೆ ಗುಣ ಒಂದೇ ಸಲಕ್ಕೆ ಸ್ಥಿರವಾಗುತ್ತದೆ. ಆರೇಳು ತಲೆಮಾರು ಕಾಯುವುದು ತಪ್ಪುತ್ತದೆ. ಕಷ್ಟ ಏನೆಂದರೆ ಜಪಾನ್ ಕಡೆ ಬೆಳೆಯುವ ಜಪಾನಿಕಾ ಗುಂಪಿನ ಭತ್ತ ಇದಕ್ಕೆ ಸುಲಭವಾಗಿ ಒಗ್ಗುತ್ತದೆ, ನಮ್ಮ ಕಡೆಯ ಇಂಡಿಕಾ ಗುಂಪಿನದು ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಬಹಳಷ್ಟು ಗಿಡ ಹಸಿರೇ ಇಲ್ಲದೆ ಬೆಳ್ಳಗೆ ಹುಟ್ಟಿ ಸಾಯುತ್ತವೆ.

ಪ್ರಶ್ನೆ (ಇನ್ನೊಬ್ಬರು, ಕಿತ್ತೂರು):
ಹಂಗಾದ್ರೆ ಈ ವರ್ಷ ಏನು ಮಾಡೋದು ಮೇಡಂ? ಯೂರಿಯಾ ಹಾಕಿದರೆ ಹಸಿರಾಗುತ್ತದಾ?

ಉತ್ತರ:
ಸುಮ್ನೆ ಯೂರಿಯಾ ಸುರಿಯಬೇಡಿ. ಚಳಿಗೆ ಮಂಕಾದ ಬೇರು ಅದನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಸಂಜೆ ಮಡಿಗೆ ಬಾವಿ ನೀರು ಕಟ್ಟಿ, ಬೆಳಿಗ್ಗೆ ಬಸಿದುಬಿಡಿ. ಚಳಿಯ ರಾತ್ರಿ ಆ ನೀರು ಗಾಳಿಗಿಂತ ಬೆಚ್ಚಗಿರುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಿಸಿಲೇರಿದ ಮೇಲೆ ತೆಗೆಯಿರಿ.

ಎಲೆಯನ್ನೂ ಹತ್ತಿರದಿಂದ ನೋಡಿ. ಎಳೆ ಎಲೆಯ ಬುಡದಲ್ಲಿ ನಡುನರ ಬೆಳ್ಳಗಾಗಿ, ಹಳೆ ಎಲೆಯಲ್ಲಿ ತುಕ್ಕು ಬಣ್ಣದ ಚುಕ್ಕೆ ಇದ್ದರೆ ಅದು ಸತುವಿನ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, ಎರಡೂವರೆ ಗ್ರಾಂ ಸುಣ್ಣ ಬೆರೆಸಿ ಸಿಂಪಡಿಸಿ. ಚಳಿ ಹೋಗಲಿ ಅಂತ ಬಿತ್ತನೆಯನ್ನು ತೀರಾ ಮುಂದೆ ಹಾಕಬೇಡಿ, ಏಪ್ರಿಲ್ ಬಿಸಿಲಿಗೆ ಹೂವು ಸಿಕ್ಕರೆ ಜೊಳ್ಳು ಜಾಸ್ತಿಯಾಗುತ್ತದೆ. ಯಾವ ತಳಿ ಹಾಕಬೇಕು ಅನ್ನುವುದನ್ನು ಬೀಜ ತರುವ ಮೊದಲೇ ಧಾರವಾಡದ ಹತ್ತಿರ ಮುಗದದ ಭತ್ತ ಸಂಶೋಧನಾ ಕೇಂದ್ರದಲ್ಲಿ ಕೇಳಿ.