ಟಿಆರ್3ಎ ಚಾಸಿ 9 ಮಿ.ಮೀ. ಓರೆ, ಫ್ರೇಮ್ ಎಳೆಯುವವರು ಬೇಕು

ನಮಸ್ಕಾರ. 1958ರ ಟ್ರಯಂಫ್ ಟಿಆರ್3ಎ ಕಾರು, ಗೋಣಿಕೊಪ್ಪದ ಹತ್ತಿರ ಶೆಡ್‌ನಲ್ಲಿದೆ. ಬಾಗಿಲ ಸಂದಿಗೆ ಚೌಕ ಪೈಪ್ ಆಸರೆ ಕೊಟ್ಟು ಬಾಡಿ ಇಳಿಸಿ ಆಗಿದೆ. ಇಳಿಸುವ ಮೊದಲು ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಎಡಕ್ಕೆ ಸರಿಯಾಗಿ 88 ಇಂಚು, ಬಲಕ್ಕೆ ಕಮ್ಮಿ ಇತ್ತು. ಈಗ ಚಾಸಿಯನ್ನು (ಬಾಡಿ ಕೂರುವ ಕೆಳಗಿನ ಚೌಕಟ್ಟು) ಮಟ್ಟಕ್ಕೆ ಕೂರಿಸಿ, ತೂಗುಗುಂಡು ಬಿಟ್ಟು ನೆಲದ ಮೇಲೆ ಗುರುತು ಹಾಕಿ ಮೂಲೆಯಿಂದ ಮೂಲೆಗೆ ಅಳೆದರೆ 9 ಮಿ.ಮೀ. ವ್ಯತ್ಯಾಸ. ಬಲ ಮುಂಭಾಗಕ್ಕೆ ಎಂದೋ ಏಟು ಬಿದ್ದಿರಬೇಕು.

ತುಕ್ಕು ಬೇರೆ. ನಮ್ಮ ಮಳೆಗಾಲ ಗೊತ್ತಲ್ಲ, ಬಾಕ್ಸ್ ರೈಲಿನ (ಚಾಸಿಯ ಉದ್ದಕ್ಕಿರುವ ಟೊಳ್ಳು ತೊಲೆ) ಒಳಗೆ ಸೇರಿದ ನೀರು ಹೊರಬರೋದೇ ಇಲ್ಲ. ಬಲ ಔಟ್‌ರಿಗರ್ (ರೈಲಿನಿಂದ ಪಕ್ಕಕ್ಕೆ ಚಾಚಿ ಬಾಡಿ ಹೊರುವ ತೋಳು) ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತೆ. ಮೇಲೆ ಪ್ಯಾಚ್ ಹೊಡೀರಿ ಅಂತ ದಯವಿಟ್ಟು ಹೇಳಬೇಡಿ, ಎರಡು ತಗಡಿನ ನಡುವೆ ತೇವ ಕೂತು ಮತ್ತೆ ಕೊಳೆಯುತ್ತೆ. ಕತ್ತರಿಸಿ, ಅದೇ ದಪ್ಪದ ಶೀಟ್ ಅಂಚಿಗೆ ಅಂಚು ಸೇರಿಸಿ, ಮಿಗ್ ವೆಲ್ಡಿಂಗ್‌ನಲ್ಲಿ ಇಂಚಿಂಚಾಗಿ ಜಾಗ ಬದಲಿಸುತ್ತಾ ಬೆಸೆಯೋಣ ಅಂತಿದ್ದೇವೆ. ಒಂದೇ ಸಮನೆ ಬೆಸುಗೆ ಎಳೆದರೆ ಶಾಖಕ್ಕೆ ರೈಲ್ ಬಾಗುತ್ತೆ.

ಗೊಂದಲ ಇಷ್ಟೇ: ಮೊದಲು ಓರೆ ತೆಗೆದರೆ ತುಕ್ಕಿನ ಜಾಗದಲ್ಲೇ ಹರಿದೀತು, ಮೊದಲು ಬೆಸೆದರೆ ಓರೆಯೇ ಕಾಯಂ. ತಾತ್ಕಾಲಿಕವಾಗಿ ಆಂಗಲ್ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಟ್ಯಾಕ್ ಮಾಡಿ, ಅಂದರೆ ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿ, ಫ್ರೇಮ್ ಎಳೆದವರು ಇದ್ದೀರಾ? ಕುಶಾಲನಗರ, ಹುಣಸೂರು, ಮೈಸೂರು ಕಡೆ ಹಳೇ ಲ್ಯಾಡರ್ ಫ್ರೇಮ್ (ಇಂಥ ಏಣಿಯಾಕಾರದ ಚಾಸಿ) ಎಳೆದು ನೇರ ಮಾಡುವ ಬೆಂಚ್ ಎಲ್ಲಿದೆ ತಿಳಿಸಿ. ಮೊನೊಕಾಕ್ (ಬೇರೆ ಚಾಸಿ ಇಲ್ಲದೆ ಬಾಡಿಯೇ ಭಾರ ಹೊರುವ) ಕಾರಿನ ಬೆಂಚ್ ಆದರೆ ಕ್ಲ್ಯಾಂಪ್ ಕಚ್ಚೋದಿಲ್ಲ.