ಪದ ಬೇಕಿತ್ತು: ಮೆಟ್ಟಿಲ ಪಕ್ಕ ಹಳಿ ಮೇಲೆ ಓಡುವ ಕುರ್ಚಿಗೆ (ಇವತ್ತೇ)

ಬೆಂಗಳೂರಿನಿಂದ:
ಎಲ್ಲರಿಗೂ ನಮಸ್ಕಾರ. ವಯಸ್ಸಾದವರಿರುವ ಮನೆಗಳಿಗೆ ಹಂಚುವ ಒಂದು ಕರಪತ್ರ ಅನುವಾದ ಮಾಡ್ತಿದ್ದೇನೆ. ಸ್ಟೇರ್‌ಲಿಫ್ಟ್ ಕೊಳ್ಳುವ ಮೊದಲು ಏನೇನು ನೋಡಬೇಕು ಅನ್ನೋದು ವಿಷಯ. ಸಂಜೆಗೆ ಪ್ರೆಸ್ಸಿಗೆ ಹೋಗಬೇಕು, ತಲೆಬರಹಕ್ಕೇ ಪದ ಸಿಕ್ಕಿಲ್ಲ. ಸದ್ಯಕ್ಕೆ 'ಮೆಟ್ಟಿಲು ಲಿಫ್ಟ್' ಅಂತ ಹಾಕಿದ್ದೇನೆ, ಸಮಾಧಾನ ಇಲ್ಲ. ನೇರ ಹಳಿ, ತಿರುವಿನ ಹಳಿ ಅನ್ನಬಹುದಾ? ಹ್ಯಾಂಡ್‌ರೇಲ್‌ಗೆ 'ಕೈಪಿಡಿ' ಅಂತ ಬರೆದಿದ್ದೇನೆ.

ಮೈಸೂರಿನಿಂದ:
ಸೋಪಾನಯಾನ. ಅರ್ಥ ತಾನಾಗಿ ಹೊಳೆಯುತ್ತದೆ, ಕಿವಿಗೂ ಇಂಪು.

ಶಿವಮೊಗ್ಗದಿಂದ:
ಮತ್ತೆ ಸೋಪಾನ! ಮೆಟ್ಟು ಅನ್ನುವ ಬೇರು ನಮ್ಮದೇ, ತೆಲುಗಿನಲ್ಲೂ ಇದೆ. ಅದರಿಂದ ಮೆಟ್ಟಿಲು. ಏರು ಕೂಡ ನಮ್ಮದೇ. ಎರಡನ್ನೂ ಸೇರಿಸಿ 'ಮೆಟ್ಟಿಲೇರುಕ' ಅನ್ನಿ. ಒಂದು ಮಹಾಪ್ರಾಣವೂ ಇಲ್ಲ.

ಧಾರವಾಡದಿಂದ:
ಮೆಟ್ಟಿಲೇರುಕ ಅಂದರೆ ದಿನಾ ಕೋರ್ಟಿಗೆ ಅಲೆಯುವವನು ಅಂದುಕೊಳ್ಳುತ್ತಾರೆ ಸರ್. ನಮ್ಮ ಕಡೆ ಮೆಟ್ಟಿಲಿಗೆ ಪಾವಟಿಗೆ ಅಂತಾರೆ, ಅದನ್ನು ಯಾರೂ ಕೇಳೋದಿಲ್ಲ, ಇರಲಿ. ಕೈಪಿಡಿ ಅಂದರೆ ಪುಸ್ತಕ. ಅದನ್ನು ಹಿಡಿದು ಇಳಿದರೆ ಬೀಳೋದೇ. ಗೌಂಡಿಗಳೂ ರೇಲಿಂಗ್ ಅಂತಾರೆ, ಹಾಗೇ ಬಿಡಿ.

ಹಾಸನದಿಂದ:
ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲಿವೆ. ಹತ್ತಲಾರದವರನ್ನು ಡೋಲಿಯಲ್ಲಿ ಕೂರಿಸಿ ಹೊತ್ತೊಯ್ಯುತ್ತಾರೆ. ಪದ ಕಣ್ಣೆದುರೇ ಇದೆ: ಕರೆಂಟ್ ಡೋಲಿ.

ಶಿವಮೊಗ್ಗದಿಂದ:
ಡೋಲಿ ಉತ್ತರದ್ದು. ಬೇಡ.

ತುಮಕೂರಿನಿಂದ:
ನಾನು ಇವನ್ನು ಮನೆಗಳಲ್ಲಿ ಕೂರಿಸುವ ಕೆಲಸ ಮಾಡ್ತೀನಿ. 'ಲಿಫ್ಟ್' ಅಂದ ಕೂಡಲೇ ಜನ ಕೇಳೋದು, ಗುಂಡಿ ತೆಗೀಬೇಕಾ, ಸ್ಲ್ಯಾಬ್ ಒಡೀಬೇಕಾ ಅಂತ. ಎರಡೂ ಇಲ್ಲ. ಹಳಿಯ ಕಾಲುಗಳನ್ನು ಮೆಟ್ಟಿಲಿಗೇ ಬೋಲ್ಟ್ ಹಾಕಿ ನಿಲ್ಲಿಸ್ತೀವಿ, ಸಾಮಾನ್ಯವಾಗಿ ಗೋಡೆಗಲ್ಲ. ಇನ್ನು ಕೆಲವರು ಗಾಲಿಕುರ್ಚಿ ಸಮೇತ ಹತ್ತಬಹುದು ಅಂದುಕೊಂಡಿರ್ತಾರೆ. ಆಗಲ್ಲ. ಗಾಲಿಕುರ್ಚಿ ಬಿಟ್ಟು ಇದರಲ್ಲಿ ಬಂದು ಕೂರಬೇಕು. ಮಹಡಿಯಲ್ಲಿ ಓಡಾಡೋಕೆ ಇನ್ನೊಂದು ಗಾಲಿಕುರ್ಚಿ ಬೇಕು. ಅದಕ್ಕೇ ಹೇಳೋದು, ಹೆಸರಲ್ಲಿ ಕುರ್ಚಿ ಇರಲಿ.

ನೇರ ಹಳಿ, ತಿರುವಿನ ಹಳಿ ಚೆನ್ನಾಗಿದೆ. ಆದರೆ ಹೆಸರು ಬರೆದು ಸುಮ್ನಾಗಬೇಡಿ. 30-40 ಸೈಟಿನ ಡ್ಯೂಪ್ಲೆಕ್ಸ್ ಮನೆಗಳಲ್ಲಿ ಮೆಟ್ಟಿಲು ನಡುವೆ ತಿರುಗೋದೇ ಜಾಸ್ತಿ. ತಿರುವಿನ ಹಳಿಯನ್ನು ಆ ಮೆಟ್ಟಿಲಿನ ಅಳತೆಗೇ ಮಾಡಿಸಬೇಕು. ನೇರದ್ದಕ್ಕಿಂತ ಬೆಲೆ ತುಂಬಾ ಮೇಲೆ. ಮನೆ ಬದಲಿಸಿದರೆ ಬೇರೆ ಮೆಟ್ಟಿಲಿಗೆ ಹೊಂದೋದೂ ಇಲ್ಲ. ಸ್ವಿವೆಲ್ ಸೀಟಿಗೆ 'ತಿರುಗುವ ಸೀಟು' ಸಾಕು. ಮೇಲೆ ಮುಟ್ಟಿದ ಮೇಲೆ ಸೀಟು ಮಹಡಿ ಕಡೆ ತಿರುಗಬೇಕು. ಇಲ್ಲದಿದ್ದರೆ ಕಾಲಿಡೋದು ಮೆಟ್ಟಿಲ ತುದಿಯಲ್ಲೇ, ಅಪಾಯ ಇರೋದು ಅಲ್ಲೇ. ಅಂಗಡಿಯಲ್ಲಿ ಕೂತು ಇದನ್ನು ತಿರುಗಿಸಿ ನೋಡಿ ಅಂತ ದಪ್ಪಕ್ಷರದಲ್ಲಿ ಹಾಕಿ. ಜಾಸ್ತಿ ಮಾಡೆಲ್‌ಗಳು ಬ್ಯಾಟರಿ ಮೇಲೆ ಓಡ್ತವೆ, ಕರೆಂಟ್ ಹೋದರೂ ಕೆಲವು ಸಲ ಹತ್ತಿ ಇಳಿಯಬಹುದು. ಬ್ಯಾಟರಿಗೆ ಪದ ಹುಡುಕಬೇಡಿ, ಕೈ ಮುಗೀತೀನಿ.

ಶಿವಮೊಗ್ಗದಿಂದ:
ಕುರ್ಚಿ ಅರಬ್ಬಿಯಿಂದ ಬಂದದ್ದು. ಮಣೆ ಇರುವಾಗ ಅದೇಕೆ? ಏರುಮಣೆ.

ಶಿರಸಿಯಿಂದ:
ನಮ್ಮನೆಯಲ್ಲಿ ಮಣೆ ಅಂದರೆ ಈಳಿಗೆಮಣೆ. ಅಜ್ಜಿಯನ್ನು ಅದರ ಮೇಲೆ ಕೂರಿಸೋದಾ?

ಮೈಸೂರಿನಿಂದ:
ಶಿವಮೊಗ್ಗದವರು ಸಂಸ್ಕೃತ ಬೇಡ, ಹಿಂದಿ ಬೇಡ, ಅರಬ್ಬಿ ಬೇಡ ಅಂತಾರೆ. ಕಚೇರಿ, ಜಮೀನು, ಅರ್ಜಿ ಎಲ್ಲ ಹೊರಗಿನವೇ. ನಾಳೆ ಪಹಣಿ ತರೋಕೆ ಎಲ್ಲಿಗೆ ಹೋಗ್ತಾರಂತೆ?

ಬೆಂಗಳೂರಿನಿಂದ:
ತುಮಕೂರಿನವರಿಗೆ ತುಂಬಾ ಥ್ಯಾಂಕ್ಸ್. ತಲೆಬರಹಕ್ಕೆ 'ಮೆಟ್ಟಿಲು ಕುರ್ಚಿ' ಹಾಕಿದೆ. ಅಂಗಡಿಯಲ್ಲಿ ಸ್ಟೇರ್‌ಲಿಫ್ಟ್ ಅಂತಲೇ ಕೇಳಿ ಅಂತ ಮೊದಲ ಸಾಲಿನಲ್ಲೇ ಸೇರಿಸಿದೆ. ರೇಲಿಂಗ್ ಉಳಿಯಿತು. ಕೊನೆಯದಾಗಿ, ಲ್ಯಾಂಡಿಂಗ್‌ಗೆ, ಅಂದರೆ ಮೆಟ್ಟಿಲ ಸಾಲು ಮುಗಿಯುವಲ್ಲಿನ ಸಮತಟ್ಟು ಜಾಗಕ್ಕೆ, ಏನು ಬರೆಯಲಿ?

ಮೈಸೂರಿನಿಂದ:
ವಿಶ್ರಾಂತಿ ಸೋಪಾನ.

ತುಮಕೂರಿನಿಂದ:
ಲ್ಯಾಂಡಿಂಗ್.

ಶಿವಮೊಗ್ಗದಿಂದ:
ಹೀಗೇ ಬಿಟ್ಟರೆ ನಾಳೆ ಮೆಟ್ಟಿಲಿಗೂ ಸ್ಟೆಪ್ಸ್ ಅಂತೀರಿ.

ಧಾರವಾಡದಿಂದ:
ಬೆಂಗಳೂರಲ್ಲಿ ಆಗಲೇ ಅಂತಾರೆ.